ನೀರು ಮೇಲಿಂದ ಬಂತೋ, ಕೆಳಗಿಂದ ಬಂತೋ

ಈಗಷ್ಟೇ ಸರ್ವಿಸ್ ಸೆಂಟರ್‌ನಿಂದ ಬಂದೆ. ಬಿಪಿ ಮಾತ್ರೆ ನುಂಗಿ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಟೈಮ್ ಇಲ್ಲದವರು ಮುಂದೆ ಹೋಗಿ.

ಅಕ್ಕನ ಮಗ ಕಾರು ತಗೊಂಡಿದ್ದು ನಿಮಗೆ ಗೊತ್ತು. ಯುಗಾದಿ ಹೊತ್ತಿಗೆ ನಾನೇ ಫೋಟೋ ಹಾಕಿದ್ದೆ. ಕೆಂಪು ಬಣ್ಣ, ಎರಡೇ ಬಾಗಿಲು, ಇಲಿ ಹಿಡಿಯೋಕೆ ಹೊಂಚು ಹಾಕಿದ ಬೆಕ್ಕಿನ ಹಾಗೆ ನೆಲಕ್ಕೆ ಅಂಟಿಕೊಂಡು ಕೂತಿರುತ್ತೆ. "ಏನ್ ಸಾರ್, ಸರ್ವೇಯರ್ ಪೆನ್ಷನ್ನಲ್ಲಿ ಸ್ಪೋರ್ಟ್ಸ್ ಕಾರಾ?" ಅಂತ ನಿಮ್ಮಲ್ಲೊಬ್ಬರು ಕಾಲೆಳೆದಿದ್ದೂ ನೆನಪಿದೆ. ನನ್ನದಲ್ಲ ಮಾರಾಯ್ರೇ, ಅವನದು. 70 ಲಕ್ಷದ ಮೇಲೆ. ಅದಕ್ಕೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ. ಬರೀ ಟ್ಯಾಕ್ಸ್ ದುಡ್ಡಲ್ಲಿ ನನ್ನಂಥವನು ಒಂದು ಹೊಸ ಕಾರು ತಗೊಂಡು, ಉಳಿದಿದ್ದರಲ್ಲಿ ಮನೆಗೆ ಬಣ್ಣ ಹೊಡೆಸಬಹುದಿತ್ತು.

ಆ ಕಾರಿನೊಳಗೆ ನೀರು.

ಮೊದಲು ಬಂದಿದ್ದು ವಾಸನೆ. ಒದ್ದೆ ಗೋಣಿಚೀಲದ ವಾಸನೆ. ಹುಡುಗ ಅದಕ್ಕೆ ಎಂಟುನೂರು ರೂಪಾಯಿಯ ಪರ್ಫ್ಯೂಮ್ ತಂದು ನೇತುಹಾಕಿದ. ಆಮೇಲೆ ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಒಳಗಡೆ ಮಂಜು. ಆಮೇಲೆ ಶುರುವಾಯಿತು ನೋಡಿ ನಿಜವಾದ ನಾಟಕ. ರಾತ್ರಿ ಎರಡು ಗಂಟೆಗೆ ಡೋರ್ ಲಾಕ್ ತಾನಾಗೇ ಟಕ್ ಟಕ್ ಅನ್ನೋದು. ಪಕ್ಕದ ಸೀಟಲ್ಲಿ ಯಾರೂ ಇಲ್ಲದಿದ್ದರೂ ಬೆಲ್ಟ್ ಹಾಕಿಕೊಳ್ಳಿ ಅಂತ ಕೂಗೋದು. ಅಕ್ಕ ದೆವ್ವ ಅಂದಳು, ನಿಂಬೆಹಣ್ಣು ಕಟ್ಟಿಸಿದಳು. ಎರಡು ಸಲ ಬ್ಯಾಟರಿ ಪೂರ್ತಿ ಡೌನ್ ಆಗಿ, ಗಾಡಿಯನ್ನು ಲಾರಿ ಮೇಲೆ ಮಲಗಿಸಿಕೊಂಡು ಹೋದರು. ಬೀದಿಯವರೆಲ್ಲ ಕಾಂಪೌಂಡ್ ಹತ್ತಿರ ನಿಂತು ನೋಡಿದರು. ಯಾರೋ ವಿಡಿಯೋನೂ ಮಾಡಿದರು.

ಸರ್ವಿಸ್ ಸೆಂಟರ್‌ಗೆ ಇವತ್ತಿಗೆ ನಾಲ್ಕನೇ ಸಲ. ಮೊದಲನೇ ಜಾಬ್ ಕಾರ್ಡ್: ಸಾಫ್ಟ್‌ವೇರ್ ಅಪ್‌ಡೇಟ್. ಎರಡನೇದು: ಸಾಫ್ಟ್‌ವೇರ್ ಅಪ್‌ಡೇಟ್. ಒದ್ದೆ ಕಾರ್ಪೆಟ್‌ಗೆ ಸಾಫ್ಟ್‌ವೇರ್! ಈ ಲೆಕ್ಕದಲ್ಲಿ ನಮ್ಮನೆ ಟೆರೇಸ್ ಸೋರೋದಕ್ಕೂ ಒಂದು ಪೆನ್‌ಡ್ರೈವ್ ಚುಚ್ಚಿಸಬೇಕು. ಮೂರನೇ ಸಲ ಬ್ಯಾಟರಿ ಬದಲಾಯಿಸಿದರು. ಇವತ್ತು ಸೀಟಿನ ಕೆಳಗೆ ಕೈ ಹಾಕಿ ನೋಡಿ, ಜಾಬ್ ಕಾರ್ಡ್ ಮೇಲೆ ಬರೆದರು: 'ವಾಟರ್ ಇನ್‌ಗ್ರೆಸ್, ಕಸ್ಟಮರ್ ಯೂಸೇಜ್.' ಅಂದರೆ ನೀರು ಒಳಗೆ ಹೋಗಿದೆ, ತಪ್ಪು ಓಡಿಸಿದವರದು. ವಾರಂಟಿ ಬರೋಲ್ಲ. ಎಸ್ಟಿಮೇಟ್ ಆರು ಲಕ್ಷ ನಲವತ್ತು ಸಾವಿರ. ಇನ್ಶೂರೆನ್ಸಲ್ಲಿ ಟ್ರೈ ಮಾಡಿ ಅಂತ ಒಂದು ಉಚಿತ ಸಲಹೆ.

ಸರ್ವಿಸ್ ಅಡ್ವೈಸರ್ ಇಪ್ಪತ್ತೈದು ವರ್ಷದ ಹುಡುಗ. "ಸರ್, ಬೆಂಗಳೂರು ರೋಡ್ ನಿಮಗೇ ಗೊತ್ತಲ್ಲ. ಎಲ್ಲೋ ನೀರಲ್ಲಿ ಓಡಿಸಿದ್ದಾರೆ" ಅಂದ.

ಇಲ್ಲೇ ನನ್ನ ತಲೆ ಕೆಟ್ಟಿದ್ದು.

ನಾನು ಇಪ್ಪತ್ತೊಂಬತ್ತು ವರ್ಷ ಮೋಟಾರ್ ಸರ್ವೇ ಮಾಡಿದವನು, ಅಂದರೆ ಇನ್ಶೂರೆನ್ಸ್ ಕ್ಲೇಮಿಗೆ ಬಂದ ಗಾಡಿಗಳ ಹಾನಿ ನೋಡಿ ವರದಿ ಬರೆಯೋದು. ನೀರು ಕುಡಿದ ಕಾರುಗಳನ್ನು ನೋಡೋದೇ ಕೆಲಸ. 2022ರ ಸೆಪ್ಟೆಂಬರ್ ನೆನಪಿದೆಯಾ? ಒಂದೇ ರಾತ್ರಿ 130 ಮಿಲಿಮೀಟರ್‌ಗೂ ಮೇಲೆ ಸುರಿದು, ಯಮಲೂರಿನ ವಿಲ್ಲಾಗಳಲ್ಲಿ ಕೋಟಿ ಬೆಲೆಯ ಕಾರುಗಳು ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ. ಸರ್ಜಾಪುರ ರಸ್ತೆ ಕಡೆ ಒಂದು ಬೇಸ್‌ಮೆಂಟ್‌ನಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ಬಾಗಿಲು ತೆಗೆದಿದ್ದೇನೆ. ಕೆಳಗಿಂದ ಬಂದ ನೀರು ತನ್ನ ಗುರುತು ಬಿಡದೆ ಹೋಗೋದೇ ಇಲ್ಲ. ಡೋರ್ ಪ್ಯಾಡ್ ಮೇಲೆ ಕೆಸರಿನ ಗೆರೆ ಇರುತ್ತೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಕಾರ್ಪೆಟ್ ಕೆಳಗೆ ಮೆತ್ತಗಿನ ಮಣ್ಣು ಕೂತಿರುತ್ತೆ. ಎಲ್ಲಕ್ಕಿಂತ ಒಳ್ಳೆ ಸಾಕ್ಷಿ ಸೀಟ್ ಬೆಲ್ಟ್. ಪೂರ್ತಿ ಎಳೀರಿ, ಕೊನೇವರೆಗೂ. ಹೊರಗಿನ ಭಾಗ ತೊಳೆದಿರ್ತಾರೆ. ಸುರುಳಿಯ ಬುಡದಲ್ಲಿರೋ ಆ ಒಂದು ಗೇಣನ್ನು ಮಾತ್ರ ಯಾರೂ ತೊಳೆಯೋಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನೀವೂ ಇದನ್ನ ಮಾಡಿ. ಮಾರೋನ ಮುಖವನ್ನೂ ಒಂದು ಸಲ ನೋಡಿ.

ಇವತ್ತು ಆ ಅಡ್ವೈಸರ್ ಎದುರೇ ಬೆಲ್ಟ್ ಎಳೆದೆ. ಬುಡದವರೆಗೂ ಹೊಸಾ ಬಟ್ಟೆ. ಸೀಟಿನ ಬೋಲ್ಟ್‌ನಲ್ಲಿ ಮಣ್ಣಿಲ್ಲ. ಕಾರ್ಪೆಟ್ ಎತ್ತಿ, ಕೆಳಗಿನ ಫೋಮ್ ಹಿಂಡಿದೆ. ಅಂಗೈ ತುಂಬ ನೀರು ಬಂತು. ತಿಳಿ ನೀರು. ಮೂಸಿ ನೋಡು ಅಂದೆ. ರಾಜಕಾಲುವೆ ನೀರು ಈ ಬಣ್ಣ ಇರುತ್ತೇನಪ್ಪಾ? ಅಷ್ಟು ಕ್ಲೀನ್ ಆಗಿದ್ದರೆ ನಾವು ಕಾವೇರಿಗೆ ಯಾಕೆ ಕಾಯ್ತಿದ್ವಿ?

ಇದು ಮೇಲಿಂದ ಬಂದ ನೀರು. ಕೆಳಗಿಂದ ಬಂದಿದ್ದಲ್ಲ. ಕೆಳಗಿಂದ ಬಂದರೆ ನಮ್ಮ ತಪ್ಪು ಅನ್ನಿ, ಪಾಲಿಕೆ ತಪ್ಪು ಅನ್ನಿ, ನನ್ನ ಹಣೆಬರಹ ಅನ್ನಿ, ಒಪ್ಪಿಕೊಳ್ತೀನಿ. ಮೇಲಿಂದ ಬಂದರೆ ಅದು ಕಾರು ಮಾಡಿದವನ ತಪ್ಪು.

ಎಲ್ಲಿಂದ ಬರ್ತಿದೆ ಅನ್ನೋದನ್ನೂ ಕಂಡುಹಿಡಿದಿದ್ದೇನೆ. ಭಾನುವಾರ ಬಸವನಗುಡಿಯಲ್ಲಿ ಅಕ್ಕನ ಮನೆ ಮುಂದೆ. ನನ್ನ ದೊಡ್ಡ ಹೊಟ್ಟೆ ಇಟ್ಟುಕೊಂಡು ಆ ಕಾರಿನ ಹಿಂದಿನ ಸೀಟಲ್ಲಿ (ಅದನ್ನು ಸೀಟು ಅಂತ ಕರೆಯೋದೇ ಮೋಸ, ಅದು ತರಕಾರಿ ಚೀಲ ಇಡೋ ಜಾಗ) ಟಾರ್ಚ್ ಹಿಡಿದು ಕೂತೆ. ಅಕ್ಕನ ಡಬ್ಬಿಯಿಂದ ರಂಗೋಲಿ ಪುಡಿ ತಂದು ಗಾಜು ಕೂರೋ ರಬ್ಬರ್ ಬೀಡಿಂಗ್ ಉದ್ದಕ್ಕೂ, ಸೀಟಿನ ಹಿಂದೆ ಪ್ಲಾಸ್ಟಿಕ್ ಪಟ್ಟಿಯ ಮೇಲೆಲ್ಲ ಉದುರಿಸಿದೆ. ಹುಡುಗ ಹೊರಗಿಂದ ಗಿಡಕ್ಕೆ ಹಾಕೋ ಪೈಪ್ ಬಿಟ್ಟ. ಜೋರಾಗಿಲ್ಲ, ಮಳೆ ಬಂದ ಹಾಗೆ. ನಾಲ್ಕು ನಿಮಿಷ ಏನೂ ಇಲ್ಲ. ಐದನೇ ನಿಮಿಷಕ್ಕೆ, ಗಾಜಿನ ಹಿಂದಿನ ಮೂಲೆಯಲ್ಲಿ ಬಿಳಿ ಪುಡಿಯ ಮೇಲೆ ಒಂದು ಬೂದು ಚುಕ್ಕೆ. ಅದು ಹನಿಯಾಯಿತು, ಗೆರೆಯಾಯಿತು, ಬಾಗಿಲ ಪಕ್ಕದ ಕಾರಿನ ಕಂಬದ ಹಿಂದೆ ಇಳಿದು ಸೀಟಿನ ಕೆಳಗೆ ಮಾಯವಾಯಿತು. "ಸಿಕ್ತು ಕಣೋ!" ಅಂತ ಕೂಗಿದೆ. "ಮಾಮ, ಪೈಪ್ ನಿಲ್ಲಿಸ್ಲಾ?" ಅಂದ. ನಿಲ್ಲಿಸಬೇಡ, ವಿಡಿಯೋ ಮಾಡ್ತಿದೀನಿ ಅಂದೆ.

ವಿಷಯ ಇಷ್ಟೇ. ಈ ಕಾರಿನ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟಿಲ್ಲ. ಹ್ಯಾಂಡಲ್ ಎಳೆದಾಗ ಗಾಜು ಒಂದು ಚೂರು ಕೆಳಗಿಳಿಯುತ್ತೆ, ಬಾಗಿಲು ಹಾಕಿದಾಗ ಮೇಲೆ ಹೋಗಿ ರಬ್ಬರಿನೊಳಗೆ ಕೂರುತ್ತೆ. ನೋಡೋಕೆ ಚೆಂದ. ಇವನದರಲ್ಲಿ ಎಡಗಡೆ ಗಾಜು ಪೂರ್ತಿ ಮೇಲೆ ಹೋಗೋದೇ ಇಲ್ಲ. ಗಾಜಿಗೂ ಬೀಡಿಂಗ್‌ಗೂ ನಡುವೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದೆ. ಬಲಗಡೆ ಹರಿದೇ ಹೋಗುತ್ತೇನೋ ಅನ್ನೋ ಹಾಗೆ ಬಿಗಿ. ಎಡಗಡೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಇಳಿದ ನೀರನ್ನು ಕಾರ್ಪೆಟ್ ಕೆಳಗಿನ ಫೋಮ್ ಹೀರಿಕೊಂಡು ಇಟ್ಟುಕೊಳ್ಳುತ್ತೆ. ಆ ಫೋಮ್ ಪಕ್ಕದಲ್ಲೇ, ಸೀಟಿನ ಕೆಳಗೆ, ಲಾಕ್, ಬೆಲ್ಟ್ ಎಲ್ಲ ನೋಡಿಕೊಳ್ಳೋ ಕಂಟ್ರೋಲ್ ಯೂನಿಟ್ ಇಟ್ಟಿದ್ದಾನೆ ಕಾರು ಮಾಡಿದ ಪುಣ್ಯಾತ್ಮ. ಇವತ್ತು ಅದರ ಕಪ್ಲರ್ (ವೈರ್ ಸಿಕ್ಕಿಸೋ ಪ್ಲಗ್) ಬಿಚ್ಚಿದಾಗ ನೋಡಿದೆ, ಪಿನ್‌ಗಳೆಲ್ಲ ಹಸಿರು. ಹಳೇ ತಾಮ್ರದ ಚೊಂಬಿಗೆ ಹಿಡಿಯುತ್ತಲ್ಲ, ಆ ಕಿಲುಬು. ದೆವ್ವ ಇರೋದು ಅಲ್ಲಿ. ಲಾಕ್, ಬೆಲ್ಟ್, ಬ್ಯಾಟರಿ ಎಲ್ಲ ಬೇರೆ ಬೇರೆ ಕಾಯಿಲೆ ಅಲ್ಲ, ಎಲ್ಲದಕ್ಕೂ ತಾಯಿ ಒಂದೇ.

ವಿಡಿಯೋ ತೋರಿಸಿದೆ. ಅಡ್ವೈಸರ್ ಹೇಳಿದ್ದೇನು ಗೊತ್ತಾ? "ಸರ್, ಪೈಪಲ್ಲಿ ಬಿಟ್ಟರೆ ಯಾವ ಕಾರಾದ್ರೂ ಸೋರುತ್ತೆ."

ಅಯ್ಯಾ, ಫ್ಯಾಕ್ಟರಿಯಿಂದ ಹೊರಗೆ ಬರೋ ಮುಂಚೆ ಕಾರುಗಳಿಗೆ ಶವರ್ ಕೆಳಗೆ ಸ್ನಾನ ಮಾಡಿಸೇ ಕಳಿಸೋದು. ಸೋರುತ್ತಾ ಅಂತ ನೋಡೋಕೇ ಅದು ಇರೋದು. ಇನ್ನೊಂದು, ನೀವೇ ನಾಲ್ಕು ಸಲವೂ ಫ್ರೀ ವಾಶ್ ಅಂತ ಪ್ರೆಷರ್ ಗನ್ ಹಿಡಿದು ತೊಳೆದು ಕಳಿಸಿದ್ದೀರಲ್ಲ, ಅದೇನು, ತೀರ್ಥ ಪ್ರೋಕ್ಷಣೆನಾ?

ಈಗ ನೀವು ಕಾಮೆಂಟಲ್ಲಿ ಏನು ಬರೀತೀರಿ ಅಂತ ಗೊತ್ತು. 'ಬೆಂಗಳೂರಿಗೆ ಇಂಥಾ ಕಾರು ಯಾಕೆ ಬೇಕಿತ್ತು?' ಹೌದು ಸ್ವಾಮಿ, ನಾನೂ ಅವನಿಗೆ ಅದನ್ನೇ ಹೇಳಿದ್ದೆ. ನಮ್ಮ ರೋಡ್ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ನಮ್ಮ ಬೀದಿಯಲ್ಲಿರೋದು ಮಲಗಿರೋ ಎಮ್ಮೆ. ಹುಡುಗ ಅದನ್ನು ಓರೆಯಾಗಿ, ಹಾವಿನ ಹಾಗೆ ದಾಟುತ್ತಾನೆ. ನೋಡೋಕೆ ನಗು ಬರುತ್ತೆ. ಆದರೆ ಹಂಪ್ ತಾಗಿ ಹೊಟ್ಟೆ ಕೆರೆದಿದ್ದರೆ ಆ ಮಾತು ಸರಿ. ಮನೆ ಮುಂದೆ ನಿಂತ ಕಾರಿನೊಳಗೆ ನೀರು ಬಂದಿದ್ದಕ್ಕೆ ಆಸೆಪಟ್ಟು ತಗೊಂಡ ಹುಡುಗ ಯಾಕೆ ಬೈಸಿಕೊಳ್ಳಬೇಕು? ಅವನು ಹನ್ನೊಂದು ವರ್ಷ ದುಡಿದು, ಕೆಲಸಕ್ಕೆ ಮೆಟ್ರೋದಲ್ಲಿ ಓಡಾಡಿ, ಗೋಡೆ ಮೇಲೆ ಪೋಸ್ಟರ್ ಅಂಟಿಸಿಕೊಂಡಿದ್ದ ಕಾರು. ಇರಲಿ ಬಿಡಿ.

ಅಮೆರಿಕದಲ್ಲಿ ಇದಕ್ಕೆ ಲೆಮನ್ ಲಾ ಅಂತ ಇದೆ. 1982ರಲ್ಲಿ ಕನೆಟಿಕಟ್ ರಾಜ್ಯ ಶುರು ಮಾಡಿತು. ಹೊಸ ಕಾರನ್ನು ಇಷ್ಟು ಸಲ ರಿಪೇರಿ ಮಾಡಿಯೂ ಸರಿ ಹೋಗದಿದ್ದರೆ ಬದಲಾಯಿಸಿ ಕೊಡು, ಇಲ್ಲ ದುಡ್ಡು ವಾಪಸ್ ಕೊಡು. ನಮ್ಮಲ್ಲಿ ಕಾರಿಗೆ ಅಂತ ಅಂಥ ಕಾಯ್ದೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಗತಿ. ಕೊಟ್ಟ ಬೆಲೆ 50 ಲಕ್ಷ ದಾಟಿದರೆ ಜಿಲ್ಲಾ ಆಯೋಗವೂ ಅಲ್ಲ, ನೇರ ರಾಜ್ಯ ಆಯೋಗ. ಸೋರಿಕೆಯಲ್ಲೂ ವಿಐಪಿ ಕೋಟಾ! ಅದೇ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ದೋಷ ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ಗೊತ್ತಾಗೋಲ್ಲ ಅನ್ನೋ ಹಾಗಿದ್ದರೆ ಲ್ಯಾಬ್ ವರದಿ ತರಿಸಬಹುದು. ನನ್ನ ರಂಗೋಲಿ ಪುಡಿಯನ್ನು ಅವರು ಲ್ಯಾಬ್ ಅಂತ ಒಪ್ಪೋಲ್ಲ, ಗೊತ್ತು.

ಒಂದು ವಿಷಯ ಹೇಳಬೇಕು. ಹೇಳಲೋ ಬೇಡವೋ ಅಂತ ಮೂರು ಸಲ ಅಳಿಸಿ ಬರೆದೆ.

ಆ ಅಡ್ವೈಸರ್ ಬರೆದ ಎರಡು ಪದ ಇದೆಯಲ್ಲ, 'ಕಸ್ಟಮರ್ ಯೂಸೇಜ್', ಅದನ್ನು ನಾನೂ ಬರೆದಿದ್ದೇನೆ. ಎಷ್ಟೋ ಸಲ. ಕೆಂಗೇರಿ ಕಡೆಯ ಒಬ್ಬ ಮೇಷ್ಟ್ರು. ರಾತ್ರಿ ಮಳೆಗೆ ರಸ್ತೆಯಲ್ಲಿ ಕಾರು ನಿಂತಿದೆ, ಹಿಂದೆ ಹೆಂಡತಿ, ಜ್ವರ ಬಂದ ಮಗು. ಮತ್ತೆ ಸೆಲ್ಫ್ ಹೊಡೆದಿದ್ದಾರೆ. ಎಂಜಿನ್ ಸಿಲಿಂಡರ್ ಒಳಗೆ ನೀರಿದ್ದರೆ ಅದನ್ನು ಗಾಳಿಯ ಹಾಗೆ ಅದುಮೋಕಾಗಲ್ಲ, ಪಿಸ್ಟನ್ ತಳ್ಳೋ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತೆ. ಪ್ರವಾಹ ಪಾಲಿಸಿಯಲ್ಲಿ ಬರುತ್ತೆ, ಆದರೆ ಎಂಜಿನ್ ಒಳಗೆ ನೀರು ನುಗ್ಗಿದ ಮೇಲೆ ಸೆಲ್ಫ್ ಹೊಡೆದು ಎಂಜಿನ್ ಕೆಟ್ಟರೆ ಅದು 'ಕಾನ್ಸಿಕ್ವೆನ್ಷಿಯಲ್ ಲಾಸ್' (ಆಮೇಲೆ ಆದ ನಷ್ಟ), ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ತಗೊಂಡಿಲ್ಲದಿದ್ದರೆ ಒಂದು ರೂಪಾಯಿ ಇಲ್ಲ. ಮೇಷ್ಟ್ರು ತಗೊಂಡಿರಲಿಲ್ಲ. ಆ ಕವರ್ ಇದೆ ಅಂತಲೇ ಅವರಿಗೆ ಯಾರೂ ಹೇಳಿರಲಿಲ್ಲ. "ಎಷ್ಟು ಸಲ ಸೆಲ್ಫ್ ಹೊಡೆದ್ರಿ?" ಅಂತ ಕೇಳಿದೆ. "ಎರಡು ಸಲ ಸರ್" ಅಂತ ನಿಜ ಹೇಳಿಬಿಟ್ಟರು. ಬರೆದುಕೊಂಡೆ. ರೂಲ್ಸ್ ಪ್ರಕಾರ ಸರಿಯಾಗೇ ಬರೆದೆ. ಟೀ ಕುಡಿದು ಹೋಗಿ ಸರ್ ಅಂದರು. ಕುಡಿದೂ ಬಂದೆ.

ಇವತ್ತು ಕೌಂಟರಿನ ಈಚೆ ನಿಂತಾಗ ಆ ಟೀ ನೆನಪಾಯಿತು. ಆದರೂ ಅವರದು ಕೆಳಗಿಂದ ಬಂದ ನೀರು, ಇದು ಮೇಲಿಂದ ಬಂದಿದ್ದು ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟೇನೂ ಸಮಾಧಾನ ಆಗಲಿಲ್ಲ.

ಎಸ್ಟಿಮೇಟ್‌ಗೆ ಸಹಿ ಹಾಕಿಲ್ಲ. ಗಾಡಿ ಓಡ್ತಿದೆ, ವಾಪಸ್ ತಂದಿದ್ದೇವೆ. ಹಳೇ ಜಾಬ್ ಕಾರ್ಡ್‌ಗಳ ಕಾಪಿ ಬೇಕು ಅಂತ ಲಿಖಿತವಾಗಿ ಕೇಳಿದ್ದೇನೆ. ಸೋಮವಾರ ಕೊಡ್ತಾರಂತೆ. ವಕೀಲ ಮಿತ್ರರು ಯಾರಾದರೂ ಓದುತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ.

ಇಷ್ಟು ಬರೆಯೋವಾಗಲೇ ಅಕ್ಕ ಫೋನ್ ಮಾಡಿದಳು. ಆ ಕಡೆ ಗುಡುಗು ಶುರುವಾಗಿದೆಯಂತೆ. ಕಳೆದ ವರ್ಷ ಹಪ್ಪಳ ಒಣಗಿಸೋಕೆ ತಂದಿದ್ದ ನೀಲಿ ಟಾರ್ಪಾಲ್ ಹೊದಿಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟಿದ್ದಾಳೆ. ಎಡಗಡೆಗೆ ಎರಡು ಜಾಸ್ತಿ ಇಡು ಅಂದೆ. ನಮ್ಮನೆ ಹೊರಗೆ ಹದಿನಾರು ವರ್ಷದ ನನ್ನ ಹಳೇ ಡಬ್ಬಾ ಕಾರು ಬೆತ್ತಲೆ ನಿಂತಿದೆ. ಹೋಗಿ ಗಾಜು ಏರಿಸಿದ್ದೀನಾ ಅಂತ ನೋಡಿ ಬರ್ತೀನಿ.