ಡ್ರಮ್ಮರ್ ಎಲ್ಲಿ ಎಂದು ಕೇಳುವವರಿಗೆ

ಅಮೆರಿಕದ ಜಾಝ್ ಡ್ರಮ್ಮರ್ ಪಾಲ್ ಮೋಶನ್ ಅವರ 'ಐ ಹ್ಯಾವ್ ದ ರೂಮ್ ಅಬವ್ ಹರ್' ಆಲ್ಬಮ್ಮನ್ನು ನಿನ್ನೆ ಗೆಳೆಯರ ನಡುವೆ ಹಾಕಿದ್ದೆ. ಎರಡನೆಯ ರಚನೆ ಮುಗಿಯುವ ಮೊದಲೇ ಒಬ್ಬರು "ಡ್ರಮ್ಮರ್ ಆಲ್ಬಮ್ ಅಂದ್ರಲ್ಲ, ಡ್ರಮ್ಸ್ ಎಲ್ಲಿ ಸಾರ್?" ಎಂದು ಕೇಳಿ, ವಾಲ್ಯೂಮ್ ತಗ್ಗಿಸಿ ಮಾತಿಗೆ ಕುಳಿತರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಡ್ರಮ್ಮಿನ ಮೇಲೆ ಕೋಲಿನ ಬದಲು ಆಡಿಸುವ ಬ್ರಶ್ಶಿನ ಸವರುವಿಕೆ ಮತ್ತು ಸಿಂಬಲ್ ಎಂಬ ಲೋಹದ ತಟ್ಟೆಯ ಆರುವ ನಾದದಲ್ಲೇ ನಿಂತಿರುವ ಸಂಗೀತದಲ್ಲಿ ವಾಲ್ಯೂಮ್ ಇಳಿಸಿದೊಡನೆ ಮೊದಲು ಕಾಣೆಯಾಗುವವರು ಡ್ರಮ್ಮರೇ.

2004ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣಗೊಂಡು ಮರುವರ್ಷ ಜರ್ಮನಿಯ ಇಸಿಎಂ ಎಂಬ ಧ್ವನಿಮುದ್ರಣ ಕಂಪನಿಯಿಂದ ಹೊರಬಂದ ಈ ಆಲ್ಬಮ್ಮಿನಲ್ಲಿ ಇರುವವರು ಮೂವರೇ: ಸ್ಯಾಕ್ಸೊಫೋನಿನಲ್ಲಿ ಜೋ ಲೊವಾನೊ, ಗಿಟಾರಿನಲ್ಲಿ ಬಿಲ್ ಫ್ರಿಸೆಲ್, ಡ್ರಮ್ಸ್‌ನಲ್ಲಿ ಆಗ 73 ವರ್ಷದ ಮೋಶನ್. ಜಾಝ್ ತಂಡಗಳಲ್ಲಿ ಸಾಮಾನ್ಯವಾಗಿ ನಡೆಯನ್ನು ಹಿಡಿದು ನಿಲ್ಲಿಸುವ ಡಬಲ್ ಬೇಸ್ ಎಂಬ ಮಂದ್ರ ನಾದದ ದೊಡ್ಡ ತಂತಿವಾದ್ಯ ಇಲ್ಲಿ ಇಲ್ಲ. ಅದಿಲ್ಲದ ಮೇಲೆ ಡ್ರಮ್ಮರ್ ತಾನಾದರೂ ಲಯವನ್ನು ಎಣಿಸಿಕೊಡಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ಮೋಶನ್ ಅದನ್ನೂ ಕೈಬಿಟ್ಟಿದ್ದಾರೆ. ಲೊವಾನೊ ಒಂದು ಸ್ವರವನ್ನು ಹಿಡಿದಿದ್ದಾಗ ನಾವು ಎಣಿಸದ ಜಾಗದಲ್ಲಿ ಒಂದು ಪೆಟ್ಟು ಬೀಳುತ್ತದೆ, ಆ ಸ್ವರದ ಅರ್ಥವೇ ಬದಲಾಗುತ್ತದೆ, ಫ್ರಿಸೆಲ್ ಆ ಬದಲಾವಣೆಯನ್ನು ಕೇಳಿಸಿಕೊಂಡು ತನ್ನ ದಾರಿಯನ್ನು ತಿರುಗಿಸುತ್ತಾರೆ. ಮುಂದಾಳುತನವೆಂದರೆ ನನ್ನ ಪಾಲಿಗೆ ಇದೇ. ಹೆಚ್ಚಿನ ರಚನೆಗಳು ಕೂಡ ಮೋಶನ್ ಅವರವೇ. ಶೀರ್ಷಿಕೆಯ ಹಾಡು ಜೆರೋಮ್ ಕರ್ನ್ ಅವರದು, ಕೊನೆಯ 'ಡ್ರೀಮ್‌ಲ್ಯಾಂಡ್' ಥಲೋನಿಯಸ್ ಮಂಕ್ ಅವರದು.

ತಾಳವಾದ್ಯದವರೆಂದರೆ ಅಬ್ಬರಿಸಲೇಬೇಕು ಎಂಬ ಈ ಹಟ ಎಲ್ಲಿಂದ ಬಂತು? ನಮ್ಮ ಕಛೇರಿಗಳಲ್ಲಿಯೂ ತಾಳವಾದ್ಯಕ್ಕೇ ಮೀಸಲಾದ ತನಿ ಆವರ್ತನ ಬಂದಾಗ ಮಾತ್ರ ಮೃದಂಗದತ್ತ ತಿರುಗುವವರಿದ್ದಾರೆ. ಅಲ್ಲಿಯವರೆಗೆ ಕೃತಿಯನ್ನು ಹೊತ್ತು ನಡೆದ ಕೈಗಳನ್ನು ಅವರು ಕೇಳಿಯೇ ಇರುವುದಿಲ್ಲ. ಮೋಶನ್ ಅಂತೂ 1961ರಲ್ಲೇ, ನ್ಯೂಯಾರ್ಕಿನ ಜಾಝ್ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್ ಮತ್ತು ಬೇಸ್ ವಾದಕ ಸ್ಕಾಟ್ ಲಫಾರೊ ಅವರ ಜೊತೆ ನುಡಿಸುವಾಗಲೇ, ಡ್ರಮ್ಮರ್ ಬರಿಯ ಲೆಕ್ಕ ಕಾಯುವವನಲ್ಲ, ಸಂಭಾಷಣೆಯ ಸಮಪಾಲುದಾರ ಎಂದು ತೋರಿಸಿದ್ದರು. ಅಷ್ಟು ವರ್ಷಗಳ ನಂತರವೂ ಅವರನ್ನು "ಎಲ್ಲಿ?" ಎಂದು ಹುಡುಕುವುದು ನನಗೆ ನೋವಿನ ಸಂಗತಿ. ಮನಸ್ಸು ಕದಡಿದ ರಾತ್ರಿಗಳಲ್ಲಿ ಯಾರ ಮಾತೂ ಬೇಡವೆನಿಸಿದಾಗ ನಾನು ಹಾಕಿಕೊಳ್ಳುವುದು ಇದೇ ಆಲ್ಬಮ್ಮನ್ನು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಬಿಸಿ ಇದ್ದರೆ ಸಹಿಸಿಕೊಳ್ಳಿ.

ಈ ವಾತಾವರಣವೆಲ್ಲ ಇಸಿಎಂ ಕಂಪನಿಯ ಧ್ವನಿಮುದ್ರಣದ ಕರಾಮತ್ತು, ಆ ಅನುರಣನದಲ್ಲಿ ಯಾರು ನುಡಿಸಿದರೂ ಹೀಗೆಯೇ ಕೇಳುತ್ತದೆ ಎಂದು ವಾದಿಸುವವರಿದ್ದಾರೆ. ಆ ಕಂಪನಿಯ ನಾದಕ್ಕೆ ತನ್ನದೇ ಗುರುತು ಇರುವುದು ನಿಜ. ಆದರೆ ಈ ಮೂವರು 1980ರ ದಶಕದಿಂದ ಜೊತೆಯಾಗಿ ನುಡಿಸುತ್ತ ಬಂದವರು, ನಡುವಿನ ವರ್ಷಗಳಲ್ಲಿ ಬೇರೆ ಕಂಪನಿಗಳಿಗೂ ಧ್ವನಿಮುದ್ರಿಸಿದವರು. ಆ ಆಲ್ಬಮ್ಮುಗಳಲ್ಲಿಯೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವ ಇದೇ ಗುಣವಿದೆ. ಅದನ್ನು ಯಾವ ಸ್ಟುಡಿಯೊ ಕೂಡ ತಯಾರಿಸಿಕೊಡಲಾರದು. ಮೋಶನ್ 2011ರಲ್ಲಿ ತೀರಿಕೊಂಡರು. ಇದನ್ನು ಪೂರ್ತಿಯಾಗಿ ಕೇಳಿದವರು ಇದೇ ಮೂವರು 2007ರಲ್ಲಿ ಹೊರತಂದ 'ಟೈಮ್ ಆಂಡ್ ಟೈಮ್ ಅಗೇನ್' ಆಲ್ಬಮ್ಮನ್ನೂ ಕೇಳಿ, ಆಮೇಲೆ ನನ್ನೊಡನೆ ಜಗಳಕ್ಕೆ ಬನ್ನಿ.