ಕ್ಯಾನ್ ಖಾಲಿಯಾಗೋ ತನಕ ಸುರಿಯೋದು ಯಾವ ಸೀಮೆ ಸರ್ವಿಸ್ ರೀ?

ಅಲ್ರೀ, ದಾವಣಗೆರೆಲಿ ಆಯಿಲ್ ಚೇಂಜ್ ಅಂದ್ರೆ ಕ್ಯಾನ್ ಬೋರಲು ಹಾಕೋದು ಅಂತ ಯಾರು ಹೇಳಿಕೊಟ್ರು? ಇಂಜಿನ್‌ಗೆ ಬೇಕಿರೋದು 3 ಲೀಟರ್ ಚಿಲ್ಲರೆ, ತರಿಸಿರೋದು ಮೂರೂವರೆ ಲೀಟರ್ ಕ್ಯಾನ್. ಮಿಕ್ಕಿದ್ದನ್ನ ಡಿಕ್ಕಿಲಿ ಇಟ್ಟು ಕೊಡೋಕೆ ಏನು ರೋಗ? "ಇರ್ಲಿ ಬಿಡಿ ಸಾರ್, ಜಾಸ್ತಿ ಇದ್ರೆ ಇಂಜಿನ್‌ಗೆ ಒಳ್ಳೇದೇ" ಅಂತ ಪೂರ್ತಿ ಸುರಿದು ಕೈ ಒರೆಸ್ಕೊಂಡು ಹೋಗ್ತಾರೆ. ಎಣ್ಣೆ ಮಿಲ್ಲುಗಳ ಚಳ್ಳಕೆರೆನ ಪಕ್ಕದಲ್ಲೇ ಇಟ್ಕೊಂಡು ಎಣ್ಣೆ ಅಳೆಯೋಕೆ ಬರಲ್ಲ ಅಂದ್ರೆ!

ಒಳ್ಳೇದಲ್ಲ ಕಣ್ರೀ. ಆಯಿಲ್ ಮಟ್ಟ ಅಳೆಯೋ ಗೇಜ್ ಕಡ್ಡಿಯ ಮ್ಯಾಕ್ಸ್ ಗೆರೆ ದಾಟಿ ತುಂಬಾ ಮೇಲೆ ಹೋದ್ರೆ ಇಂಜಿನ್ ತಳದಲ್ಲಿ ತಿರುಗೋ ಕ್ರ್ಯಾಂಕ್ ಆಯಿಲನ್ನ ಮಜ್ಜಿಗೆ ಕಡೆದಂಗೆ ಕಡೆಯುತ್ತೆ. ನೊರೆ ಎದ್ದ ಆಯಿಲ್ ಜೊತೆ ಪಂಪ್ ಗಾಳಿನೂ ಎಳೆಯುತ್ತೆ, ಪ್ರೆಶರ್ ಬೀಳುತ್ತೆ, ಬೇರಿಂಗ್ ಸವೆಯುತ್ತೆ. ಇಂಜಿನ್ ಒಳಗಿನ ಆವಿ ಹೊರಬಿಡೋ ಬ್ರೀದರ್ ಪೈಪಿಂದ ಆಯಿಲ್ ಗಾಳಿ ಎಳೆಯೋ ಇನ್‌ಟೇಕ್‌ಗೆ ನುಗ್ಗಿ ಸೈಲೆನ್ಸರಲ್ಲಿ ನೀಲಿ ಹೊಗೆ. ಆಗ ಅದೇ ಗ್ಯಾರೇಜಿನವ್ರು "ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು" ಅಂತಾರೆ!

ಇನ್ನು ಚೆಕ್ ಮಾಡೋ ಚೆಂದ ನೋಡಿ. ಗಾಡಿಯ ಎರಡು ಚಕ್ರ ಚರಂಡಿ ಕಲ್ಲಿನ ಮೇಲೆ, ಎರಡು ರೋಡಲ್ಲಿ. ಈಗಷ್ಟೇ ಆಫ್ ಮಾಡಿದ ಇಂಜಿನ್, ಒಂದಷ್ಟು ಆಯಿಲ್ ಇನ್ನೂ ಮೇಲೆ ಇಂಜಿನ್ ಹೆಡ್ಡಲ್ಲೇ ಇರುತ್ತೆ. ಗೇಜ್ ಕಡ್ಡಿ ಕಮ್ಮಿ ತೋರಿಸುತ್ತೆ, ಮತ್ತೆ ಸುರಿ! ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಬೇಕು. ಬಿಸಿಯಾದ ಇಂಜಿನ್ ಆಫ್ ಮಾಡಿ 5ರಿಂದ 10 ನಿಮಿಷ ಕಾಯಬೇಕು, ಆಯಿಲ್ ಇಂಜಿನ್ ತಳದ ಚೇಂಬರ್‌ಗೆ ಇಳೀಬೇಕಲ್ಲ. (ಕೆಲವು ಗಾಡಿಗಳಿಗೆ ತಣ್ಣಗಿದ್ದಾಗಲೇ ನೋಡಿ ಅಂತ ಮ್ಯಾನುಯಲ್‌ಲಿ ಬರೆದಿರ್ತಾರೆ, ಅದನ್ನ ಓದಿ.) ಮೊದಲ ಸಲ ಎಳೆದಾಗ ಕಾಣೋ ಗೆರೆ ಲೆಕ್ಕಕ್ಕಿಲ್ಲ. ನೂಲು ಬಿಡದ ಬಟ್ಟೆಲಿ ಒರೆಸಿ, ತಳದವರೆಗೂ ಒತ್ತಿ, ಮತ್ತೆ ಎಳೀರಿ. ಕಡ್ಡಿಯ ಎರಡೂ ಮುಖ ನೋಡಿ. ಪೈಪಿನ ಗೋಡೆ ಸವರಿ ಒಂದು ಕಡೆ ಮೇಲಕ್ಕೆ ಮೆತ್ತಿರುತ್ತೆ, ಕೆಳಗಿರೋ ಗೆರೆನೇ ನಿಜ.

ಬಹಳಷ್ಟು ಕಾರುಗಳಲ್ಲಿ ಮಿನ್‌ನಿಂದ ಮ್ಯಾಕ್ಸ್‌ಗೆ ಸುಮಾರು 1 ಲೀಟರ್ ಅಷ್ಟೇ. ನಡುವೆ ಇದ್ರೆ ಅರ್ಧ ಲೀಟರ್ ಹಿಡಿಯುತ್ತೆ, ಅದನ್ನೂ 200 ಮಿಲಿಯಂಗೆ ಹಾಕಿ, ಎರಡು ನಿಮಿಷ ಬಿಟ್ಟು ಅಳೀರಿ. ಫಿಲ್ಟರ್ ಬದಲಿಸಿದ್ರೆ ಒಂದೆರಡು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಕಾದು ಮತ್ತೆ ನೋಡಲೇಬೇಕು. ಹೊಸ ಫಿಲ್ಟರ್ ತನ್ನ ಪಾಲು ಕುಡಿದಿರುತ್ತೆ. ಈ ಎರಡನೇ ಚೆಕ್ ಮಾಡೋ ಗ್ಯಾರೇಜ್ ಎಷ್ಟಿವೆ, ನೀವೇ ಹೇಳಿ.

ಗಾಡಿ ಓನರ್‌ಗಳೇನು ಕಮ್ಮಿ ಇಲ್ಲ. ಚಿತ್ರದುರ್ಗ, ಹಿರಿಯೂರು ದಾಟಿ ಬೆಂಗಳೂರಿಗೆ ವಾರವಾರ ಓಡಿಸ್ತಾರೆ, ಬಾನೆಟ್ ಮಾತ್ರ ಎತ್ತಲ್ಲ. "ಲೈಟ್ ಬಂದ್ರೆ ನೋಡೋಣ." ಆ ಕೆಂಪು ಲೈಟ್ ಆಯಿಲ್ ಪ್ರೆಶರ್‌ದು ಕಣ್ರೀ, ಮಟ್ಟದ್ದಲ್ಲ! ಅದು ಹತ್ತೋ ಹೊತ್ತಿಗೆ ಆಟ ಮುಗಿಯೋಕೆ ಬಂದಿರುತ್ತೆ. ಸೈಡಿಗೆ ಹಾಕಿ ತಕ್ಷಣ ಆಫ್ ಮಾಡದಿದ್ರೆ ಇಂಜಿನ್ ಜಾಮ್.

ಬಿಎಸ್6 (ಹೊಗೆ ನಿಯಮದ ಆರನೇ ಹಂತ) ಡೀಸೆಲ್ ಗಾಡಿ ಇರೋರು ಇನ್ನೊಂದು ನೋಡ್ಕೊಳ್ಳಿ: ಸುರಿಯದೇನೇ ಮಟ್ಟ ಏರಿದ್ರೆ ಖುಷಿಪಡಬೇಡಿ. ಊರೊಳಗೇ ಓಡಿಸೋ ಗಾಡಿಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ತನ್ನೊಳಗಿನ ಮಸಿ ಸುಡೋ ಕೆಲಸ ಅರ್ಧಕ್ಕೇ ನಿಂತು ಡೀಸೆಲ್ ಚೇಂಬರ್‌ಗೆ ಇಳಿದಿರುತ್ತೆ. ಕಡ್ಡಿ ಮೂಸಿ ನೋಡಿ, ಡೀಸೆಲ್ ವಾಸನೆ ಇದ್ರೆ ಆಯಿಲ್ ಬದಲಿಸಿ.

ಡೀಸೆಲ್ ಬೆರೆಯದೆ, ಗ್ಯಾರೇಜಿನವ್ರು ಜಾಸ್ತಿ ಸುರಿದಿದ್ದಷ್ಟೇ ಆಗಿದ್ರೆ ಗಾಡಿನ ಅಲ್ಲೇ ನಿಲ್ಲಿಸಿ. ಕಡ್ಡಿ ಹೋಗೋ ಪೈಪಿಗೇ ಸಣ್ಣ ಟ್ಯೂಬ್ ಇಳಿಸಿ, ದೊಡ್ಡ ಸಿರಿಂಜಲ್ಲಿ ಹೀರಿಸಿ. ಅದಕ್ಕೂ ಲೇಬರ್ ಚಾರ್ಜ್ ಕೇಳಿದ್ರೆ ಒಂದು ಪೈಸೆ ಕೊಡಬೇಡಿ.