ಅಥಣಿಯ ಚಪ್ಪಲಿ ದುಬಾರಿಯಾದರೆ ಬಾಳೀತೇ?

ಮಾಟುಂಗಾದಲ್ಲಿ ಒಂದು ಭಾನುವಾರ ಕಾಫಿಗೆ ಕೂತಾಗ ಹುಟ್ಟಿದ ವಾದ ಇದು. ಕೈಯಲ್ಲಿ ಹೊಲಿದ ಚಪ್ಪಲಿ, ಚೀಲ, ಬೆಲ್ಟುಗಳು ಐಷಾರಾಮಿ ಸರಕಾಗಿ ದೊಡ್ಡ ಬೆಲೆಗೆ ಮಾರಾಟವಾದರೆ ಪರಿಸರಕ್ಕೂ ಮಾಡುವವರಿಗೂ ಒಳ್ಳೆಯದೇ? ಇಬ್ಬರು ಮುಂಬೈ ಕನ್ನಡಿಗರು ಇಲ್ಲಿ ಬರೆದಿದ್ದಾರೆ. ಮೊದಲನೆಯವರು ಡೊಂಬಿವಲಿಯವರು, ಚರ್ಮದ ಸಾಮಾನು ರಫ್ತು ಮಾಡುವವರಿಗೆ ಸ್ಯಾಂಪಲ್ ಮಾಡಿಸಿಕೊಡುತ್ತಾರೆ. ಎರಡನೆಯವರು ಅಥಣಿ ತಾಲ್ಲೂಕಿನ ಸಮಗಾರರ ಮನೆಯವರು, ಈಗ ಮುಲುಂಡ್‌ನಲ್ಲಿದ್ದಾರೆ.

ಪರ: ಬೆಲೆ ಏರಲಿ, ಆಗಲೇ ಚರ್ಮದ ಹದ ಉಳಿಯುತ್ತದೆ

ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಕೊಲ್ಹಾಪುರಿ ಎಂದು ಕೂಗಿ ಮಾರುವ ಚಪ್ಪಲಿ 300 ರೂಪಾಯಿಗೆ ಸಿಗುತ್ತದೆ. ಒಂದು ಜೋಡಿ ತಂದು ಅಟ್ಟೆಯನ್ನು ಅಡ್ಡಕ್ಕೆ ಸೀಳಿ ನೋಡಿದ್ದೇನೆ. ಮೇಲೆ ತೆಳ್ಳನೆಯ ಪಿಯು (ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್) ಹಾಳೆ, ನಡುವೆ ಒತ್ತಿದ ರಟ್ಟು, ಕೆಳಗೆ ರಬ್ಬರು. ಮೂರನ್ನೂ ಹಿಡಿದಿರುವುದು ಅಂಟು. ಅಂಚಿನಲ್ಲಿ ಕಾಣುವ ಬಿಳಿ ಹೊಲಿಗೆ ಏನನ್ನೂ ಬಿಗಿದಿಲ್ಲ, ನೋಟಕ್ಕೆ ಹಾಕಿದ್ದು. ಮುಂಬೈಯ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಪಿಯು ಹಪ್ಪಳದಂತೆ ಏಳುತ್ತದೆ, ಗಾಳಿಯ ತೇವಕ್ಕೇ ಅದರ ಕಟ್ಟು ಬಿಡುತ್ತದೆ. ಆಮೇಲೆ ಅದು ಹೋಗುವುದು ದೇವನಾರ್‌ನ ಕಸದ ಗುಡ್ಡಕ್ಕೆ. ಅಲ್ಲಿ ಕೊಳೆತು ಮಣ್ಣಾಗುವುದೂ ಇಲ್ಲ.

ಅಥಣಿಯಲ್ಲೂ ತಯಾರಾಗುವ ನಿಜವಾದ ಕೊಲ್ಹಾಪುರಿಯ ಕತೆ ಬೇರೆ. ಅಟ್ಟೆಗೆ ಎಮ್ಮೆಯ ಚರ್ಮ, ಮೇಲಿನ ಹೆಣಿಗೆಗೆ ಆಡಿನದು. ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಹೆರೆಯುತ್ತಾರೆ. ಹಳೆಯ ಪದ್ಧತಿಯಲ್ಲಿ ಆ ಚರ್ಮವನ್ನೇ ಚೀಲದಂತೆ ಹೊಲಿದು, ಒಳಗೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಕಷಾಯ ತುಂಬಿ ತೂಗುಹಾಕುತ್ತಿದ್ದರು. ಕಷಾಯ ಒಳಗಿನಿಂದ ಜಿನುಗುತ್ತಾ ಚರ್ಮದ ನಾರುನಾರಿಗೂ ಇಳಿಯುತ್ತದೆ. ಕೆಳಗೆ ಸೋರಿದ್ದನ್ನು ಹಿಡಿದು ಮತ್ತೆ ಮೇಲಿಂದ ಸುರಿಯಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಕ್ರೋಮ್ ಲವಣ ಹಾಕಿದರೆ ಒಂದು ದಿನ ಸಾಕು. ಜಗತ್ತಿನ ಬಹುಪಾಲು ಚರ್ಮ ಈಗ ಹದವಾಗುವುದು ಹಾಗೇ. ಅದರ ನೀರನ್ನು ಶುದ್ಧಮಾಡದೆ ಹಳ್ಳಕ್ಕೆ ಬಿಟ್ಟರೆ ಕ್ರೋಮಿಯಂ ಮಣ್ಣಿನಲ್ಲಿ ಕೂತೇಬಿಡುತ್ತದೆ.

ಒಂದು ದಿನದ ಕೆಲಸಕ್ಕೂ ಹಲವು ವಾರದ ಕೆಲಸಕ್ಕೂ ಒಂದೇ ಬೆಲೆ ಕೊಡುತ್ತೇವೆಂದರೆ ಯಾರು ಕಾಯುತ್ತಾರೆ? ನನ್ನ ವೃತ್ತಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರು ಬೇಡ, ಖರೀದಿದಾರರೊಬ್ಬರು ಕೈಯಲ್ಲಿ ಹೊಲಿದ ಚೀಲ ಬೇಕು ಎಂದು ಆರ್ಡರ್ ಕೊಟ್ಟು, ಆಮೇಲೆ ಪ್ರತಿ ಚೀಲಕ್ಕೆ 40 ರೂಪಾಯಿ ಇಳಿಸಿ ಎಂದು ಹಟ ಹಿಡಿದರು. ನಾನು ಧಾರಾವಿಯ ಕಾರ್ಖಾನೆಗೆ ಹೋದೆ. ಸಾಯನ್–ಬಾಂದ್ರಾ ಲಿಂಕ್ ರಸ್ತೆಯ ಅಂಗಡಿ ಸಾಲಿನ ಹಿಂದೆ, ಏಣಿ ಹತ್ತಿ ಹೋಗಬೇಕಾದ ಒಂದು ಅಟ್ಟ. ಅಲ್ಲಿಯ ಹಿರಿಯ ಕಾರೀಗರರು ಎರಡು ಪಟ್ಟಿ ತಂದು ನನ್ನ ಕೈಲಿಟ್ಟರು. ಒಂದರ ತುದಿಯಲ್ಲಿ ಹನ್ನೊಂದು ಹೊಲಿಗೆ ಇದ್ದವು, ಇನ್ನೊಂದರಲ್ಲಿ ನಾಲ್ಕು ಹೊಲಿಗೆ, ಉಳಿದದ್ದು ಸೊಲ್ಯೂಷನ್, ಅಂದರೆ ಅಂಟು. "ಮೇಡಂ, ನೀವು ಹೇಳುವ ರೇಟಿಗೆ ಇದು ಬರುತ್ತದೆ," ಎಂದು ಎರಡನೆಯದನ್ನು ಬೆರಳಲ್ಲಿ ತಟ್ಟಿದರು. ಆ ಚೀಲದ ಮೇಲೂ ಕೈಕೆಲಸ ಎಂಬ ಚೀಟಿಯೇ ಹತ್ತಿತು. ಅವತ್ತಿನಿಂದ ನನಗೆ ಅಗ್ಗದ ಕೈಕೆಲಸ ಎಂಬ ಮಾತು ಕೇಳಿದರೆ ಆ ನಾಲ್ಕು ಹೊಲಿಗೆ ನೆನಪಾಗುತ್ತದೆ.

ಹಾಗಾಗಿ ಇಟಲಿಯ ಐಷಾರಾಮಿ ಕಂಪನಿ ಪ್ರಾದಾ ವಿಷಯದಲ್ಲಿ ನನ್ನ ನಿಲುವು ಹಲವು ಗೆಳೆಯರಿಗೆ ಹಿಡಿಸಲಿಲ್ಲ. ಜೂನ್ 2025ರಲ್ಲಿ ಮಿಲಾನ್‌ನ ವೇದಿಕೆಯ ಮೇಲೆ ನಮ್ಮ ಚಪ್ಪಲಿಯನ್ನು ಹೆಸರಿಲ್ಲದೆ ನಡೆಸಿದ್ದು ತಪ್ಪೇ. ಆದರೆ ಗದ್ದಲದ ನಂತರ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್‌ಕಾಮ್ ಮತ್ತು ನಮ್ಮ ಕರ್ನಾಟಕದ ಲಿಡ್ಕರ್ ಜೊತೆ ಒಪ್ಪಂದಕ್ಕೆ ಬಂತು: ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸುವುದು, ಜೋಡಿಗೆ ಸುಮಾರು 800 ಯೂರೋ ಬೆಲೆ. ಸಂಖ್ಯೆ ಸಣ್ಣದು, ನಿಜ. ಆದರೂ ಅಷ್ಟು ಬೆಲೆಯಿದ್ದಲ್ಲಿ ಹದಕ್ಕೆ ಕಾಯಲು ಆಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. 2019ರಲ್ಲಿ ಕೊಲ್ಹಾಪುರಿಗೆ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಾಗ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದವು. ಅದು ಮುಂಬೈಯಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಅಥಣಿಯ ಹೆಸರನ್ನು ನನ್ನ ಮರಾಠಿ ಸಹೋದ್ಯೋಗಿಗಳು ಮೊದಲ ಬಾರಿ ಕೇಳಿದ್ದು ಈ ಗಲಾಟೆಯಲ್ಲಿ.

ಬೆಲೆ ಸಿಕ್ಕರೆ ವಸ್ತುವನ್ನೂ ಹೊಸದಾಗಿ ಯೋಚಿಸಬಹುದು. 2015ರಲ್ಲಿ ಮಹಾರಾಷ್ಟ್ರ ಎತ್ತು–ಹೋರಿಗಳ ವಧೆಯನ್ನೂ ನಿಷೇಧಿಸಿದ ಮೇಲೆ ಧಾರಾವಿಯ ಎಷ್ಟೋ ಕೈಗಳು ಖಾಲಿ ಕೂತವು. ಆಗ ಸುಧೀರ್ ರಾಜಭರ್ ಕಟ್ಟಿದ ಚಮಾರ್ ಸ್ಟುಡಿಯೋ ಅದೇ ಕಾರೀಗರರಿಂದ ಮರುಬಳಕೆಯ ರಬ್ಬರಿನಲ್ಲಿ ಚೀಲ ಹೊಲಿಸಿತು. ಬೈಗುಳವಾಗಿ ಬಳಕೆಯಾಗುತ್ತಿದ್ದ ಜಾತಿಯ ಹೆಸರನ್ನೇ ಮುದ್ರೆಯಾಗಿ ಒತ್ತಿತು. ಚೌಕಾಸಿಯ ಫುಟ್‌ಪಾತಿನಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ. ಅಥಣಿಯಲ್ಲೂ ಹಾಗೇ. 1990ರ ದಶಕದ ಕೊನೆಯಲ್ಲಿ ಶುರುವಾದ ಟೋಹೋಲ್ಡ್ ಸಂಸ್ಥೆ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿ ಚಪ್ಪಲಿಯನ್ನು ಹೊರದೇಶಕ್ಕೆ ಕಳಿಸಿತು. ಹೆಣಿಗೆ ಹೆಣೆಯುತ್ತಿದ್ದವರು ಹೆಂಗಸರೇ, ದುಡ್ಡು ಎಣಿಸುತ್ತಿದ್ದವರು ಮಾತ್ರ ಬೇರೆಯವರು. ಅದು ಬದಲಾಗಲು ಒಳ್ಳೆಯ ಬೆಲೆ ಕೊಡುವ ಗಿರಾಕಿ ಬೇಕಾಯಿತು.

ಸರ್ಕಾರಕ್ಕೂ ಒಂದು ಮಾತು. ಸೆಪ್ಟೆಂಬರ್ 2025ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದಕ್ಕೂ ಮೇಲೆ ಶೇ. 18. ಎರಡು ಮಳೆಗಾಲ ಬಾಳದ ಪಿಯುಗೆ 5, ಗಿಡದ ಹದದ ಒಳ್ಳೆಯ ಜೋಡಿಗೆ 18! ಜಿಐ ಇರುವ ಕೈಕೆಲಸಕ್ಕಾದರೂ ಈ ಭಾರ ಇಳಿಸಬೇಕು.

ನನ್ನ ಜೋಡಿಗೆ ಈಗ ಎಂಟು ವರ್ಷ. ಜೂನ್ ಬಂತೆಂದರೆ ಎಣ್ಣೆ ಸವರಿ ಪೇಪರಿನಲ್ಲಿ ಸುತ್ತಿ ಮೇಲಿಡುತ್ತೇನೆ, ನವರಾತ್ರಿಗೆ ಇಳಿಸುತ್ತೇನೆ. ಅದಕ್ಕೆ ಕೊಟ್ಟ 3,200 ರೂಪಾಯಿ ಹೆಚ್ಚಾಯಿತು ಎಂದು ಒಂದು ದಿನವೂ ಅನಿಸಿಲ್ಲ.

ವಿರೋಧ: ಹೊಲಿದುಕೊಡುವವರು ಹತ್ತಿರ ಇರಬೇಕು

ಅಕ್ಕಾ, ನೀವು ಸೀಳಿ ನೋಡಿದ ಚಪ್ಪಲಿಯ ಬಗ್ಗೆ ನನ್ನದೂ ತಕರಾರಿಲ್ಲ. ಹದದ ಬಗ್ಗೆ ನೀವು ಬರೆದಿದ್ದೂ ಸರಿ. ಒಂದು ಮಾತು ಸೇರಿಸುತ್ತೇನೆ: ಗಿಡದ ಹದ ಅಂದರೆ ನೀರು ಕೆಡುವುದಿಲ್ಲ ಅಂತಲ್ಲ. ಸುಣ್ಣ, ಕೂದಲು, ಕೊಬ್ಬು, ಕಪ್ಪು ಕಷಾಯ ಎಲ್ಲ ಎಲ್ಲಿಗೋ ಹೋಗಲೇಬೇಕು. ಹದ ಮಾಡುವ ಢೋರರ ಓಣಿಯಲ್ಲಿ ಹುಟ್ಟಿದವರಿಗೆ ಆ ವಾಸನೆ ಗೊತ್ತು. ಹಸಿರು ಎಂಬ ಚೀಟಿ ಅಂಟಿಸುವವರು ಆ ಓಣಿಗೆ ಚರಂಡಿ ಕಟ್ಟಿಸಿದ್ದನ್ನು ನಾನು ಕಂಡಿಲ್ಲ.

ನಮ್ಮಪ್ಪ ಚಪ್ಪಲಿ ಮಾಡುತ್ತಿದ್ದದ್ದು ರೈತರಿಗೆ. ಸುಗ್ಗಿಯಲ್ಲಿ ಕಣದಿಂದ ಜೋಳ ಬರುತ್ತಿತ್ತು, ಅದು ವರ್ಷವಿಡೀ ಹೊಲಿದುಕೊಟ್ಟದ್ದಕ್ಕೆ ಆಯ. ಆ ಕಾಲ ಮರಳಿ ಬರಲಿ ಎಂದು ನಾನು ಎಂದೂ ಹೇಳುವುದಿಲ್ಲ. ಕಣದ ಅಂಚಿನಲ್ಲಿ ನಿಂತು, ಸೆರಗೊಡ್ಡಿ ಜೋಳ ಹಾಕಿಸಿಕೊಳ್ಳುತ್ತಿದ್ದ ಅವ್ವನನ್ನು ನೋಡಿದ ಮಗ ನಾನು. ಆದರೆ ಆ ಚಪ್ಪಲಿಯ ಬಾಳಿಕೆ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಅದರಲ್ಲಿ ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಮೊಳೆ ಇಲ್ಲದ್ದರಿಂದ ಬಿಚ್ಚಬಹುದು. ಹಿಮ್ಮಡಿ ಸವೆದರೆ ಅಪ್ಪ ರಂಪಿಗೆಯಿಂದ ಹೊಲಿಗೆ ಕತ್ತರಿಸಿ, ಕೆಳಗಿನ ಪದರ ಮಾತ್ರ ತೆಗೆದು ಹೊಸದು ಕೂರಿಸುತ್ತಿದ್ದ. ಉಂಗುಟ ಕಿತ್ತರೆ ಉಂಗುಟ ಮಾತ್ರ. ಒಬ್ಬ ಗೌಡರ ಜೋಡಿಗೆ ಐದು ಸಲ ಅಟ್ಟೆ ಹಾಕಿದ್ದ, ಮೇಲಿನ ಪಟ್ಟಿ ಮಾತ್ರ ಮೊದಲಿನದೇ.

ಮಿಲಾನ್‌ನಲ್ಲಿ ಕೊಂಡವರು ಅಟ್ಟೆ ಸವೆದಾಗ ಎಲ್ಲಿಗೆ ಹೋಗುತ್ತಾರೆ? ಸವೆಯುವಷ್ಟು ನಡೆಯುತ್ತಾರೆಯೇ? ಐಷಾರಾಮಿ ವ್ಯಾಪಾರ ನಿಂತಿರುವುದು ಪ್ರತಿ ಋತುವಿಗೂ ಹೊಸದು ತೋರಿಸುವುದರ ಮೇಲೆ. ಬ್ರಿಟನ್ನಿನ ಬರ್ಬರಿ ಕಂಪನಿ 2017–18ರ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಸರಕನ್ನು ನಾಶಮಾಡಿತ್ತು. ಅಗ್ಗಕ್ಕೆ ಮಾರಿದರೆ ಹೆಸರು ಕೆಡುತ್ತದಂತೆ. ಗದ್ದಲವಾದ ಮೇಲೆ ಆ ಕಂಪನಿ ಅದನ್ನು ನಿಲ್ಲಿಸಿತು. ಉಳಿದವರಿಗಾಗಿ ಐರೋಪ್ಯ ಒಕ್ಕೂಟ 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಬೆಲೆ ಏರಿದರೆ ಕೈಗೆ ಬರುತ್ತದೆ ಅನ್ನುತ್ತೀರಿ. 2024ರಲ್ಲಿ ಮಿಲಾನ್‌ನ ನ್ಯಾಯಾಲಯ ಫ್ರಾನ್ಸಿನ ಐಷಾರಾಮಿ ಕಂಪನಿ ಡಿಯೋರ್‌ನ ಚೀಲ ತಯಾರಿಸುವ ಘಟಕವೊಂದನ್ನು ಮೇಲ್ವಿಚಾರಣೆಗೆ ಒಳಪಡಿಸಿತಲ್ಲ, ಆ ತನಿಖೆಯ ಲೆಕ್ಕ ನೋಡಿ. ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಚೀಲ. ಚರ್ಮದ ಖರ್ಚು ಬಿಟ್ಟು, ಅದನ್ನು ಮಾಡಿಕೊಟ್ಟವರಿಗೆ ಸಿಕ್ಕಿದ್ದು 53 ಯೂರೋ. ಅದೂ ಇಟಲಿಯಲ್ಲಿ. ನಮ್ಮ ಅಥಣಿ ತಾಲ್ಲೂಕಿನ ಮದಬಾವಿಯ ಕೈಗೆ ಎಷ್ಟು ಬರುತ್ತದೆ ಎಂದು ನಾನು ಭಯದಿಂದಲೇ ಕೇಳುತ್ತಿದ್ದೇನೆ.

ಹಕ್ಕಿನ ಮಾತು ಇನ್ನೂ ಕಷ್ಟದ್ದು. ಜುಲೈ 2025ರಲ್ಲಿ ಕೆಲವು ವಕೀಲರು ಪ್ರಾದಾ ವಿರುದ್ಧ ತಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ವಜಾ ಮಾಡಿತು. ಕೇಳುವುದಿದ್ದರೆ ಜಿಐ ನೋಂದಣಿ ಇರುವವರು ಕೇಳಬೇಕು ಎಂಬುದು ಅದರ ತಿರುಳು. ನೋಂದಣಿ ಇರುವುದು ಎರಡು ಸರ್ಕಾರಿ ನಿಗಮಗಳ ಹೆಸರಿನಲ್ಲಿ. ಹೊಲಿಯುವವನು ಮೂರನೆಯವನು. ಬೆಲೆ ಎಷ್ಟೇ ಆಗಲಿ, ಮಾತಿಗೆ ಕೂರುವ ಜಾಗದಲ್ಲಿ ಅವನಿಗೆ ಕುರ್ಚಿ ಇಲ್ಲದಿದ್ದರೆ ಬಾಳುವುದು ಬ್ರ್ಯಾಂಡು, ಕಸುಬಲ್ಲ.

ಕಳೆದ ಸಲ ಊರಿಗೆ ಹೋದಾಗ ಬಸ್‌ ಸ್ಟ್ಯಾಂಡಿನಲ್ಲಿ ಜನರ ಕಾಲು ನೋಡುತ್ತಾ ಕೂತಿದ್ದೆ. ಪ್ಲಾಸ್ಟಿಕ್ಕು, ರಬ್ಬರು, ಮತ್ತೆ ಪ್ಲಾಸ್ಟಿಕ್ಕು. ಮನೆಗೆ ಬಂದು ಹೇಳಿದರೆ ಅಪ್ಪ ಅಂದ: "ನಾವು ಮಾಡಿದ ಕಾಲ್ಮರಿ ನಮ್ಮೂರಾಗ ಯಾರ ಕಾಲಾಗೂ ಇಲ್ಲಪ್ಪ. ಎಲ್ಲಾ ಪ್ಯಾಕ್ ಆಗಿ ಹೊಕ್ಕಾವ." ಅಕ್ಕಾ, ನಿಮ್ಮ 3,200 ರೂಪಾಯಿಯ ಜೋಡಿಯನ್ನು ನಾನು ಆಡಿಕೊಳ್ಳುವುದಿಲ್ಲ, ನೀವು ಅದನ್ನು ಮೆಟ್ಟುತ್ತೀರಿ, ಎಣ್ಣೆ ಹಚ್ಚುತ್ತೀರಿ. ನನಗೆ ಬೇಕಾದದ್ದು ಬೇರೆ: ಕಬ್ಬಿನ ಗದ್ದೆಯವನೂ ಮುಲುಂಡ್‌ನ ಗುಮಾಸ್ತನೂ ಕೊಳ್ಳಬಹುದಾದ ಬೆಲೆ, ಹದದ ಚರ್ಮಕ್ಕೆ ಸರ್ಕಾರದ ನೆರವು, ಊರೂರಿಗೆ ಅಟ್ಟೆ ಬದಲಿಸುವ ಒಂದು ಅಂಗಡಿ. ಲಿಡ್ಕರ್ ಮನಸ್ಸು ಮಾಡಿದರೆ ಮುಂಬೈಯಲ್ಲೂ ಅಂಥದೊಂದು ತೆರೆಯಬಹುದು.

ಮುಲುಂಡ್ ಸ್ಟೇಷನ್ನಿನ ಹೊರಗೆ ಕೂರುವ ಸಮಗಾರ ವಿಜಯಪುರದ ಕಡೆಯವನು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ. ಅವನ ಹತ್ತಿರ ಈಗ ತೊಗಲಿನ ದಾರ ಇಲ್ಲ, ನೈಲಾನ್ ಇದೆ. ಅದಕ್ಕೇ ಈ ದೀಪಾವಳಿಗೆ ಊರಿಗೆ ಹೊರಟಾಗ ನನ್ನ ಚೀಲದಲ್ಲಿ ಐದು ಜೋಡಿ ಹಳೆಯ ಚಪ್ಪಲಿ ಇದ್ದವು, ಎರಡು ನಮ್ಮವು, ಮೂರು ನೆರೆಮನೆಯವರವು. ಅಪ್ಪನ ಕಣ್ಣು ಮಂದವಾಗಿದೆ, ತಮ್ಮನ ಹೆಂಡತಿ ಅಟ್ಟೆ ಹಾಕಿಕೊಟ್ಟಳು. ಜೋಡಿಗೆ 150 ರೂಪಾಯಿ ತಗೊಂಡಳು, ಅಣ್ಣನೆಂದು ಬಿಡಲಿಲ್ಲ, ಬಿಡಬಾರದು. ಮುಂಬೈಗೆ ಬಂದು ಮೆಟ್ಟಿದರೆ ಹೊಸದರಂತೆ ಮತ್ತೆ ಮೂರು ದಿನ ಕಚ್ಚಿದವು.